ಕಲಬುರಗಿ ಬಿಸಿಲಿನಲ್ಲಿ ಕೋಯಿ ಕೊಳ: ಫಿಲ್ಟರ್ ಲೆಕ್ಕ ಬೆಳಗಿನ ಜಾವದಿಂದ ಶುರುವಾಗಲಿ

ಕಲಬುರಗಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಸುಟ್ಟ ವಾರ್ನಿಷಿನ ವಾಸನೆ ಮೂಗಿಗೆ ಅಂಟಿಕೊಂಡೇ ಹೋಗಿದೆ. ಏಳು ವರ್ಷದ ಹಿಂದೆ ಹಿತ್ತಲಿನಲ್ಲಿ ಕೋಯಿ ಕೊಳ ಮಾಡುತ್ತೇನೆ ಎಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ಈ ಬಿಸಿಲಿನಲ್ಲಿ ಮೀನು ಸಾಕುತ್ತೀರೋ, ಬೇಯಿಸುತ್ತೀರೋ?" ಪಂಪು, ಪೈಪು, ಕರೆಂಟು ಎಲ್ಲ ನನ್ನ ಕೈಯಲ್ಲಿ ಆಡಿದ ವಸ್ತುಗಳು, ಇದರಲ್ಲೇನಿದೆ ಎಂದು ನಕ್ಕಿದ್ದೆ. ಮೊದಲ ಬೇಸಿಗೆಯಲ್ಲಿಯೇ ಆ ನಗು ಇಳಿಯಿತು.

ಮೇ ತಿಂಗಳ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಗಾಳಿ ಎದ್ದು, ನಾಲ್ಕು ಹನಿ ಮಳೆ ಉದುರಿ, ಕರೆಂಟ್ ಹೋಯಿತು. ಸೆಖೆಗೆ ಅಂಗಳದಲ್ಲಿ ಮಲಗಿದ್ದೆವು. ನಾಲ್ಕು ಗಂಟೆಗೆ ಎಚ್ಚರವಾದಾಗ ಹಿತ್ತಲಿನಿಂದ ಪಚಕ್ ಪಚಕ್ ಎನ್ನುವ ಸದ್ದು ಬರುತ್ತಿತ್ತು, ಮಗು ಬೆರಳು ಚೀಪಿದ ಹಾಗೆ. ಟಾರ್ಚ್ ಬಿಟ್ಟು ನೋಡಿದರೆ ಹದಿನಾಲ್ಕೂ ಮೀನುಗಳು ಮೇಲೆ ಬಂದು, ಬಾಯಿಯನ್ನು ನೀರಿನ ಅಂಚಿಗೆ ಹಚ್ಚಿ ಗಾಳಿ ನುಂಗುತ್ತಿದ್ದವು. ನಾವಿಬ್ಬರೂ ಬಕೆಟ್, ತಂಬಿಗೆ ಹಿಡಿದು ಕೊಳದ ನೀರನ್ನೇ ಮೊಗೆದು ಎತ್ತರದಿಂದ ಸುರಿಯುತ್ತ ಬೆಳಕು ಹರಿಯುವವರೆಗೆ ನಿಂತೆವು. ಆದರೂ ಮೂರು ಸತ್ತವು. ಮೂರೂ ದೊಡ್ಡವು. ಉಸಿರು ಸಾಲದಾದಾಗ ಮೊದಲು ಹೋಗುವುದು ದೊಡ್ಡ ಮೀನೇ. ಊರಿನ ಮೋಟಾರುಗಳನ್ನೆಲ್ಲ ಓಡಿಸುವವನ ಮನೆಯ ಕೊಳದಲ್ಲಿ ಗಾಳಿಗುಳ್ಳೆ ಬಿಡುವ ಒಂದು ಸಣ್ಣ ಪಂಪಿಗೆ ಬ್ಯಾಟರಿ ಇರಲಿಲ್ಲ.

ಆ ರಾತ್ರಿ ನೀರು ಕನ್ನಡಿಯಂತೆ ತಿಳಿಯಾಗಿತ್ತು. ಅಂಗಡಿಯವರು ಫಿಲ್ಟರ್ ಮಾರುವಾಗ ತೋರಿಸುವುದು ತಿಳಿನೀರನ್ನೇ. ನಮ್ಮಂಥ ಬಿಸಿಲೂರಿನಲ್ಲಿ ನಾನು ಬೇರೆ ಕಡೆಯಿಂದ ಲೆಕ್ಕ ಹಿಡಿಯುತ್ತೇನೆ. ವರ್ಷದಲ್ಲೇ ಅತಿ ಕೆಟ್ಟ ಗಳಿಗೆ ಯಾವುದು? ಮೇ ತಿಂಗಳು, ಬೆಳಗಿನ ಜಾವ ನಾಲ್ಕು ಗಂಟೆ, ಕರೆಂಟ್ ಇಲ್ಲ. ಆ ಗಳಿಗೆಯಲ್ಲಿ ಮೀನು ಬದುಕಬೇಕಾದರೆ ಏನೇನು ಬೇಕು ಎಂದು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಬಂದು ತೊಟ್ಟಿ, ಪೈಪು, ಪಂಪು ಆರಿಸಿ. ಮಿಕ್ಕ ದಿನಗಳು ತಾವಾಗಿಯೇ ನಡೆಯುತ್ತವೆ.

ಬಿಸಿನೀರು ಮೀನಿಗೆ ಏನು ಮಾಡುತ್ತದೆ

ಕೋಯಿ ಎಂದರೆ ಬಣ್ಣದ ಗೆಂಡೆ. ಜಪಾನಿನ ನಿಗಾಟಾ ಪ್ರಾಂತ್ಯದ ಗುಡ್ಡಗಾಡಿನಲ್ಲಿ, ಆಳೆತ್ತರ ಹಿಮ ಬೀಳುವ ಕಡೆ, ಭತ್ತ ಬೆಳೆಯುವ ರೈತರು 19ನೇ ಶತಮಾನದಲ್ಲಿ ಆರಿಸಿ ಆರಿಸಿ ಬೆಳೆಸಿದ ಜಾತಿ. ಅದನ್ನು ತಂದು ನಾವು ನಲವತ್ತೆರಡು ಡಿಗ್ರಿಯಲ್ಲಿ ಇಳಿಸುತ್ತೇವೆ. ಗೆಂಡೆ ಗಟ್ಟಿ ಜೀವ, ಮೂವತ್ತು ಮೂವತ್ತೆರಡು ಡಿಗ್ರಿಯ ನೀರನ್ನು ತಡೆದುಕೊಳ್ಳುತ್ತದೆ. ಆದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯ ನೀರು ಏಳೂವರೆ ಮಾತ್ರ ಹಿಡಿಯುತ್ತದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಅದಕ್ಕೆಂದು ಇನ್ನೂ ನೂರಕ್ಕೆ ಐದು ಪಾಲು ಕಳೆಯಿರಿ. ಇತ್ತ ಮೀನಿನ ಮೈಯಂತೂ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡರಷ್ಟು ಉಸಿರು ಕೇಳುತ್ತದೆ. ಆದಾಯ ಇಳಿದ ತಿಂಗಳಿನಲ್ಲೇ ಖರ್ಚು ಎರಡರಷ್ಟಾದ ಮನೆಯ ಹಾಗೆ.

ಅದೇ ಆಮ್ಲಜನಕಕ್ಕೆ ಬೇರೆ ಪಾಲುದಾರರೂ ಇದ್ದಾರೆ. ತಳದಲ್ಲಿ ಕೊಳೆಯುವ ಹೊಲಸು, ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ, ನೀರು ಹಸಿರಾಗಿಸುವ ಪಾಚಿ. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ತಿನ್ನುತ್ತದೆ. ಸೂರ್ಯ ಹುಟ್ಟುವ ಮುಂಚೆ ಕೊಳದ ತಿಜೋರಿ ಖಾಲಿಯಾಗುವುದು ಹೀಗೆ.

ಎರಡನೆಯ ಶತ್ರು ಅಮೋನಿಯಾ. ಮೀನು ಅದನ್ನು ಮುಖ್ಯವಾಗಿ ಕಿವಿರಿನಿಂದಲೇ ಹೊರಗೆ ಬಿಡುತ್ತದೆ. ಅದರಲ್ಲಿ ಒಂದು ಪಾಲು ಮಾತ್ರ ಕಡು ವಿಷ. ಆ ಪಾಲು ಎಷ್ಟು ಎನ್ನುವುದನ್ನು ನೀರಿನ ಪಿಎಚ್ (ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ) ಮತ್ತು ಬಿಸಿ ಎರಡೂ ಸೇರಿ ತೀರ್ಮಾನಿಸುತ್ತವೆ. ನಮ್ಮ ಬೋರ್‌ವೆಲ್ ನೀರಿನ ಪಿಎಚ್ 8.3. ಆ ನೀರು 20 ಡಿಗ್ರಿಯಲ್ಲಿದ್ದರೆ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಏಳು ಪಾಲು ವಿಷ; 30 ಡಿಗ್ರಿಯಾದರೆ ಹದಿನಾಲ್ಕು. ಪಿಎಚ್ 7 ಇರುವ ನೀರಿನಲ್ಲಿ ಅದು ಒಂದು ಪಾಲೂ ಇರುವುದಿಲ್ಲ. ತಂಪು ದೇಶದವರು ಬರೆದ "ಇಷ್ಟು ಅಮೋನಿಯಾ ಇದ್ದರೆ ಚಿಂತೆಯಿಲ್ಲ" ಎನ್ನುವ ಮಾತನ್ನು ನಮ್ಮ ನೀರಿಗೆ ಹಾಗೆಯೇ ಒಪ್ಪಿಸಬೇಡಿ. ನನ್ನ ಮಟ್ಟಿಗೆ ಟೆಸ್ಟ್ ಕಿಟ್ಟಿನಲ್ಲಿ ಬಣ್ಣ ಸೊನ್ನೆಯಿಂದ ಸ್ವಲ್ಪ ತಿರುಗಿದರೂ ಆ ದಿನ ಮೀನಿಗೆ ಉಪವಾಸ.

ನೀರು ಮತ್ತು ಮಣ್ಣು

ನನ್ನ ಕೊಳ 12 ಅಡಿ ಉದ್ದ, 8 ಅಡಿ ಅಗಲ, 5 ಅಡಿ ಆಳ. ಅಂದರೆ ಸುಮಾರು 13,500 ಲೀಟರ್. ಬಿಸಿಲೂರಿನಲ್ಲಿ ಮೂರು ಅಡಿಯ ಕೊಳ ಬೇಡವೇ ಬೇಡ, ಅದು ಬಾಣಲೆ. ಜಾಗ ಕಡಿಮೆಯಿದ್ದರೆ ಅಗಲ ಕಡಿಮೆ ಮಾಡಿ, ಆಳ ಬಿಡಬೇಡಿ. ಸಾವಿರ ಲೀಟರಿಗೆ ಒಂದು ಮೀನು ಎನ್ನುವ ಲೆಕ್ಕದಲ್ಲಿ ಹದಿಮೂರು ಇರಬಹುದು. ಆ ರಾತ್ರಿ ಉಳಿದ ಹನ್ನೊಂದರ ಮೇಲೆ ಒಂದನ್ನೂ ನಾನು ಸೇರಿಸಿಲ್ಲ.

ಬೋರ್ ನೀರು ಗಡಸು ಎಂದು ಎಲ್ಲರೂ ಬೈಯುತ್ತಾರೆ. ಪಾತ್ರೆಯ ತಳ ಬಿಳಿಯಾಗುತ್ತದೆ, ಗೀಸರ್ ಕಾಯಿಲ್ ಕಲ್ಲು ಕಟ್ಟುತ್ತದೆ, ನನ್ನ ಅಂಗಡಿಗೆ ಕೆಲಸ ಸಿಗುತ್ತದೆ. ಕೊಳಕ್ಕೆ ಮಾತ್ರ ಆ ಗಡಸುತನದ ಒಂದು ಭಾಗ, ಕ್ಷಾರೀಯತೆ ಎನ್ನುತ್ತಾರಲ್ಲ ಅದು, ಬಂಡವಾಳ. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಅರಗಿಸಲು ಬ್ಯಾಕ್ಟೀರಿಯಾಗಳಿಗೆ ಸುಮಾರು ನಾಲ್ಕೂವರೆ ಗ್ರಾಂ ಆಮ್ಲಜನಕವೂ ಏಳು ಗ್ರಾಂ ಕ್ಷಾರೀಯತೆಯೂ ಬೇಕು. ಆರ್‌ಒ ನೀರು ಅಥವಾ ಬರೀ ಮಳೆನೀರು ತುಂಬಿಸಿದವರ ಕೊಳದಲ್ಲಿ ಈ ಬಂಡವಾಳ ಕೆಲವೇ ವಾರಗಳಲ್ಲಿ ಕರಗಿ ಪಿಎಚ್ ಒಮ್ಮೆಲೆ ಕುಸಿಯುತ್ತದೆ. ನಾನು ಸಂಪಿನ ಮಳೆನೀರನ್ನು ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸುತ್ತೇನೆ. ನಲ್ಲಿ ನೀರು ಬಿಡುವುದಾದರೆ ಕ್ಲೋರಿನ್ ತೆಗೆಯದೆ ಬಿಡಬೇಡಿ. ಅದು ಮೀನಿನ ಕಿವಿರನ್ನೂ ಸುಡುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಇನ್ನೊಂದು ಮಾತು: ಬೇಸಿಗೆಯಿಡೀ ಟ್ಯಾಂಕರಿನ ಮೇಲೆ ಬದುಕುವ ಬಡಾವಣೆ ನಿಮ್ಮದಾದರೆ ಕೋಯಿ ಬೇಡ. ಕೊಡ ಹಿಡಿದು ನಿಂತ ಪಕ್ಕದ ಮನೆಯವರ ಕಣ್ಣೆದುರು ಮೀನಿಗೆ ನೀರು ಬಿಡುವ ಗಟ್ಟಿತನ ನನಗಂತೂ ಇಲ್ಲ.

ನಮ್ಮದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೆಲದಲ್ಲಿ ಹೂತ ನನ್ನ ಮೊದಲ ಫಿಲ್ಟರ್ ಡ್ರಮ್ಮನ್ನು ಒಂದೇ ಮಳೆಗಾಲ ಹಿಂಡಿ ಮೊಟ್ಟೆಯಾಕಾರ ಮಾಡಿತ್ತು. ತೊಟ್ಟಿಗಳನ್ನು ಹೂಳುವುದಾದರೆ ಸುತ್ತ ಅರ್ಧ ಅಡಿ ಎರೆ ತೆಗೆದು ಮೊರಂ ತುಂಬಿಸಿ, ಅಥವಾ ಇಟ್ಟಿಗೆಯ ಗುಂಡಿ ಕಟ್ಟಿ ಅದರೊಳಗೆ ಇಡಿ. ಪೈಪು ತೊಟ್ಟಿಗೆ ಸೇರುವ ಕಡೆ ರಬ್ಬರ್ ಜೋಡಣೆ ಇರಲಿ. ಗಟ್ಟಿ ಅಂಟಿಸಿದರೆ ಮಣ್ಣು ಸರಿದಾಗ ಅಲ್ಲೇ ಸೀಳುತ್ತದೆ. ದಂಡೆಗೆ ಶಹಾಬಾದ್ ಕಲ್ಲು ಹಾಸಿದ್ದೇನೆ, ಚೆಂದ ಕಾಣುತ್ತದೆ, ಮಧ್ಯಾಹ್ನ ಬರಿಗಾಲಿನಲ್ಲಿ ನಿಲ್ಲಲಾಗುವುದಿಲ್ಲ. ಹೊಸ ಸಿಮೆಂಟಿನ ಕೊಳವಾದರೆ ತಿಂಗಳುಗಟ್ಟಲೆ ಸುಣ್ಣ ಬಿಡುತ್ತದೆ, ಪಿಎಚ್ ಆಕಾಶಕ್ಕೇರುತ್ತದೆ. ಹಲವು ಬಾರಿ ತುಂಬಿ ಖಾಲಿ ಮಾಡಿ, ಮೀನಿಗೆ ಹಾನಿಯಿಲ್ಲದ ಲೇಪನ ಹಚ್ಚಿದ ಮೇಲೆಯೇ ಮುಂದಿನ ಮಾತು.

ಹೊಲಸು ಕೊಳೆಯುವ ಮುಂಚೆ ಹೊರಗೆ

ಫಿಲ್ಟರ್ ಎಂದರೆ ಒಂದು ಡಬ್ಬಿಯಲ್ಲ, ಸಾಲಾಗಿ ನಿಂತ ಮೂರು ನಾಲ್ಕು ಕೆಲಸಗಳು. ಮೊದಲನೆಯದು ಮೀನಿನ ಹೊಲಸನ್ನು ಪುಡಿಯಾಗದ ಹಾಗೆ, ಕೊಳೆಯದ ಹಾಗೆ ಹೊರಗೆ ಸಾಗಿಸುವುದು. ಬಿಸಿನೀರಿನಲ್ಲಿ ಅದು ಎರಡನೆಯ ದಿನಕ್ಕೇ ಕರಗಿ ಸಾರಾಗುತ್ತದೆ. ಆಮೇಲೆ ಅದನ್ನು ಯಾವ ಜಾಲರಿಯೂ ಹಿಡಿಯಲಾರದು.

ಹೀಗಾಗಿ ಕೊಳದ ತಳ ನಡುವಿಗೆ ಇಳಿಜಾರಾಗಿರಲಿ, ನಡುವೆ ತಳಗಂಡಿ ಇರಲಿ, ಅಲ್ಲಿಂದ 110 ಮಿಲಿಮೀಟರ್ ಪೈಪು ಪಂಪಿಲ್ಲದೆ, ತನ್ನ ಭಾರಕ್ಕೇ ಹರಿದು ಮೊದಲ ತೊಟ್ಟಿಗೆ ಬರಲಿ. ಹಾಗೆ ಹರಿಯಬೇಕಾದರೆ ಕೊಳದ ನೀರಿನ ಮಟ್ಟ ಮತ್ತು ತೊಟ್ಟಿಯ ನೀರಿನ ಮಟ್ಟ ಒಂದೇ ಇರಬೇಕು. ಅದಕ್ಕೇ ತೊಟ್ಟಿಯನ್ನು ನೆಲದೊಳಗೆ ಇಳಿಸುವ ತಾಪತ್ರಯ. ಕೊಳದೊಳಗೇ ಪಂಪು ಇಟ್ಟು ನೀರೆತ್ತಿದರೆ ಕೆಲಸ ಸುಲಭ, ಆದರೆ ಪಂಪಿನ ಚಕ್ರ ಹೊಲಸನ್ನು ಮಿಕ್ಸಿಗೆ ಹಾಕಿದಂತೆ ರುಬ್ಬುತ್ತದೆ.

ನನ್ನ ಮೊದಲ ತೊಟ್ಟಿ 500 ಲೀಟರಿನ ದುಂಡು ಟ್ಯಾಂಕು. ನೀರು ನಡುವಿನ ಅಗಲ ಕೊಳವೆಯೊಳಗೆ ಎದ್ದು, ಕೆಳಮುಖವಾಗಿ ತಿರುಗಿ, ನಿಧಾನವಾಗಿ ಅಂಚಿನಿಂದ ಮೇಲೇರುತ್ತದೆ. ಗಂಟೆಗೆ ಏಳು ಸಾವಿರ ಲೀಟರ್ ಹರಿದರೆ ನೀರಿಗೆ ಇಲ್ಲಿ ನಾಲ್ಕು ನಿಮಿಷದ ವಿಶ್ರಾಂತಿ. ಭಾರದ ಹೊಲಸು ತಳಕ್ಕೆ ಕೂರುತ್ತದೆ. ಅಲ್ಲಿಂದ ಮುಂದೆ ಬ್ರಷ್ಷುಗಳ ಒಂದು ಸಣ್ಣ ತೊಟ್ಟಿ. ಎರಡರ ತಳದಲ್ಲೂ ಎರಡು ಇಂಚಿನ ವಾಲ್ವ್. ಮಾರ್ಚಿಯಿಂದ ಜೂನ್‌ವರೆಗೆ ದಿನಕ್ಕೊಮ್ಮೆ ಅರ್ಧ ನಿಮಿಷ ತೆರೆದರೆ ಕಂದು ನೀರು ಭುಸ್ಸೆಂದು ಹೋಗಿ ಮಲ್ಲಿಗೆ, ಕರಿಬೇವು, ನುಗ್ಗೆಯ ಬುಡ ಸೇರುತ್ತದೆ. ಈ ವಾಲ್ವ್ ಕೈಗೆ ಸುಲಭವಾಗಿ ಸಿಗುವಲ್ಲಿ ಇರಲಿ. ಬಗ್ಗಿ, ಕಲ್ಲು ಎತ್ತಿ ತೆರೆಯಬೇಕಾದ ವಾಲ್ವನ್ನು ನಾಲ್ಕನೆಯ ವಾರ ಯಾರೂ ತೆರೆಯುವುದಿಲ್ಲ.

ಮೇಲೆ ತೇಲುವ ಕಸಕ್ಕೆ ಸ್ಕಿಮ್ಮರ್ ಬೇರೆ, ಅದರ ಪಂಪು ಬೇರೆ. ಹಿತ್ತಲಿನಲ್ಲಿ ಬೇವಿನ ಮರವಿದ್ದರೆ ಯುಗಾದಿಯ ಹೊತ್ತಿಗೆ ನಿಮಗೇ ಅರ್ಥವಾಗುತ್ತದೆ: ಹೂವು ಅಕ್ಕಿ ಚೆಲ್ಲಿದಂತೆ ನೀರಿನ ಮೇಲೆ ಹರಡಿ, ಬುಟ್ಟಿಯಲ್ಲಿ ಹಿಟ್ಟಿನ ಮುದ್ದೆಯಾಗುತ್ತದೆ. ಆ ಮೂರು ವಾರ ಬುಟ್ಟಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಡವಬೇಕು.

ಬ್ಯಾಕ್ಟೀರಿಯಾದ ಮನೆ

ಫಿಲ್ಟರಿನ ಮುಂದಿನ ಕೆಲಸ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾಗೆ ಕೂರಲು ಜಾಗ ಕೊಡುವುದು. ಇಲ್ಲಿ ಗಾಬರಿಪಟ್ಟು ದುಡ್ಡು ಸುರಿಯುವವರೇ ಹೆಚ್ಚು. ಲೆಕ್ಕ ಹಾಕಿದರೆ ಅಷ್ಟೇನೂ ದೊಡ್ಡದಲ್ಲ. ನನ್ನ ಮೀನುಗಳ ಒಟ್ಟು ತೂಕ ಹನ್ನೆರಡು ಕೆಜಿಯ ಆಸುಪಾಸು. ದಿನಕ್ಕೆ ಹೆಚ್ಚೆಂದರೆ 120 ಗ್ರಾಂ ಆಹಾರ. ನೂರಕ್ಕೆ ಮೂವತ್ತೈದು ಮೂವತ್ತಾರು ಪಾಲು ಪ್ರೋಟೀನ್ ಇರುವ ಆಹಾರವಾದರೆ ಅದರಿಂದ ದಿನಕ್ಕೆ ಸುಮಾರು ನಾಲ್ಕು ಗ್ರಾಂ ಅಮೋನಿಯಾ ಸಾರಜನಕ ಬರುತ್ತದೆ. ಒಂದು ಚದರ ಮೀಟರ್ ಮೇಲ್ಮೈಯಲ್ಲಿ ಕೂತ ಬ್ಯಾಕ್ಟೀರಿಯಾ ದಿನಕ್ಕೆ 0.2 ಗ್ರಾಂ ಅರಗಿಸುತ್ತದೆ ಎಂದು ಕೈ ಬಿಗಿಹಿಡಿದೇ ಲೆಕ್ಕ ಹಾಕಿದರೂ 20 ಚದರ ಮೀಟರ್ ಸಾಕು. ಗಾಡಿಯ ಚಕ್ರದಂತೆ ಒಳಗೆ ಅಡ್ಡಕಡ್ಡಿ ಇರುವ ಕೆ1 ಮಾದರಿಯ ಪ್ಲಾಸ್ಟಿಕ್ ಬಿಲ್ಲೆಗಳು ಸಿಗುತ್ತವೆ. ಒಂದು ಘನ ಮೀಟರಿಗೆ ಸುಮಾರು 500 ಚದರ ಮೀಟರ್ ಮೇಲ್ಮೈ. ಅಂದರೆ 40 ಲೀಟರ್ ಬಿಲ್ಲೆ. ಬೇಸಿಗೆಯ ಮೇಲೆ ನಂಬಿಕೆಯಿಲ್ಲದೆ ನಾನು 150 ಲೀಟರ್ ಹಾಕಿದ್ದೇನೆ, 500 ಲೀಟರಿನ ತೊಟ್ಟಿಯಲ್ಲಿ, ಕೆಳಗಿನಿಂದ ಗಾಳಿ ಬಿಟ್ಟು. ಮೊದಲ ವಾರಗಳಲ್ಲಿ ಅವು ಹಟ ಹಿಡಿದು ಮೇಲೆಯೇ ತೇಲುತ್ತವೆ. ಜಿಡ್ಡು ಹತ್ತಿದ ಮೇಲೆ ಕುದಿಯುವ ಬೇಳೆಯಂತೆ ಉರುಳತೊಡಗುತ್ತವೆ. ಹೊರಹೋಗುವ ಪೈಪಿನ ಬಾಯಿಗೆ ಜಾಲರಿ ಕಟ್ಟುವುದನ್ನು ಮರೆತರೆ ಇಡೀ ಕೊಳದಲ್ಲಿ ಬಿಲ್ಲೆ ಆರಿಸುವ ಕೆಲಸ ಸಿಗುತ್ತದೆ, ಅನುಭವದಿಂದಲೇ ಹೇಳುತ್ತಿದ್ದೇನೆ.

ತೊಟ್ಟಿ ತೆರೆದದ್ದೇ ಇರಲಿ. ಮುಚ್ಚಿದ, ಒತ್ತಡದ ಡಬ್ಬಿ ಫಿಲ್ಟರುಗಳು ಚೆಂದ, ಜಾಗ ಕಡಿಮೆ. ಆದರೆ ಬಿಸಿಲಿನಲ್ಲಿ ಕರೆಂಟ್ ಹೋಗಿ ನೀರು ನಿಂತರೆ ಒಳಗಿನ ಬ್ಯಾಕ್ಟೀರಿಯಾ ಇದ್ದಬದ್ದ ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ಆರು ಗಂಟೆ ನಿಂತ ಅಂಥದೊಂದರ ಮುಚ್ಚಳವನ್ನು ನಾನೇ ಬಿಚ್ಚಿದ್ದೆ. ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಬಡಿಯಿತು, ಸ್ಪಂಜಿನ ಅಂಚು ಕಪ್ಪಾಗಿತ್ತು. ಕರೆಂಟ್ ಬಂದ ಕೂಡಲೇ ಆ ನೀರೇ ಕೊಳಕ್ಕೆ ಹೋಗುತ್ತದೆ, ರಾತ್ರಿಯಿಡೀ ಏಗಿದ ಮೀನಿನ ಬಾಯಿಗೆ. ಈಗಾಗಲೇ ಕೊಂಡಿದ್ದರೆ ಹೊರದಾರಿಯಲ್ಲಿ ಒಂದು ಕವಲು ಪೈಪು ಹಾಕಿಸಿ. ದೀರ್ಘ ಹೊತ್ತು ನಿಂತ ಮೇಲೆ ಮೊದಲ ಐದು ನಿಮಿಷದ ನೀರು ಗಿಡಗಳಿಗೆ ಹೋಗಲಿ.

ಕೊನೆಯ ಮೆಟ್ಟಿಲು ಜರಡಿ, ಇಂಗ್ಲಿಷಿನವರ ಶವರ್. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಖರ್ಚೂ ಎಲ್ಲಕ್ಕಿಂತ ಕಡಿಮೆ. ನಾಲ್ಕು ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಗಡಿಯಲ್ಲಿ ಉಳಿದ ಕಂಡ್ಯೂಟ್ ಪೈಪನ್ನು ಇಂಚು ಇಂಚಾಗಿ ಕತ್ತರಿಸಿ ತುಂಬಿದೆ. ಮೇಲೆ ರಂಧ್ರ ಕೊರೆದ ಅಡ್ಡ ಪೈಪು. ನೀರು ಹನಿಹನಿಯಾಗಿ ತುಂಡಿನಿಂದ ತುಂಡಿಗೆ ಬಿದ್ದು ಕೊಳಕ್ಕೆ ಇಳಿಯುತ್ತದೆ. ಗಾಳಿ ಸಿಗುತ್ತದೆ, ಬೇಡದ ಅನಿಲ ಹೋಗುತ್ತದೆ, ಬ್ಯಾಕ್ಟೀರಿಯಾಗೂ ಮನೆ. ಅದಕ್ಕಿಂತ ಹೆಚ್ಚಾಗಿ ನೀರು ತಣಿಯುತ್ತದೆ. ನಮ್ಮ ಬೇಸಿಗೆ ಒಣ ಬೇಸಿಗೆ. ಏರ್ ಕೂಲರ್ ನಡೆಯುವ ಊರಿನಲ್ಲಿ ಜರಡಿಯೂ ನಡೆಯುತ್ತದೆ, ಮಣ್ಣಿನ ಹೂಜಿಯ ತತ್ವವೇ. ಕೊಳದ ನೀರಿನ ನೂರನೇ ಒಂದು ಪಾಲು ಆವಿಯಾದರೆ ಉಳಿದದ್ದರಿಂದ ಐದಾರು ಡಿಗ್ರಿಯಷ್ಟು ಬಿಸಿ ಹೊತ್ತೊಯ್ಯುತ್ತದೆ. ಬಿಸಿಲು ಅಷ್ಟೇ ಬಿಸಿಯನ್ನು ಮತ್ತೆ ಸುರಿಯುತ್ತದೆ ಎನ್ನುವುದು ಬೇರೆ ಮಾತು. ನನ್ನಲ್ಲಿ ಒಂದು ಸುತ್ತಿಗೆ ಅರ್ಧ ಡಿಗ್ರಿ ಇಳಿಯುತ್ತದೆ; ಹೊರಗೆ 42 ಇದ್ದಾಗಲೂ ಕೊಳ 31 ದಾಟಿಲ್ಲ. ಮಂಗಳೂರು, ಕಾರವಾರದವರಿಗೆ ಈ ಲಾಭ ಸಿಗುವುದಿಲ್ಲ. ಅಲ್ಲಿನ ಗಾಳಿಯೇ ಒದ್ದೆ, ಏರ್ ಕೂಲರ್ ಅಲ್ಲಿ ಏಕೆ ಸೋಲುತ್ತದೋ ಅದೇ ಕಾರಣಕ್ಕೆ. ಅವರು ನೆರಳು ಮತ್ತು ಗಾಳಿಪಂಪಿನ ಮೇಲೆಯೇ ಭಾರ ಹಾಕಬೇಕು.

ತಣಿಸುವುದಕ್ಕೆ ತೆರಬೇಕಾದದ್ದು ನೀರು. ಕಡು ಬೇಸಿಗೆಯಲ್ಲಿ ಕೊಳ ಮತ್ತು ಜರಡಿ ಸೇರಿ ದಿನಕ್ಕೆ ಇನ್ನೂರು ಲೀಟರ್ ಆವಿ. ನೀರು ಹೋಗುತ್ತದೆ, ಲವಣ ಹೋಗುವುದಿಲ್ಲ. ಬರೀ ಮೇಲಿಂದ ತುಂಬಿಸುತ್ತ ಹೋದರೆ ಎರಡು ತಿಂಗಳಿನಲ್ಲಿ ಕೊಳ ಸಾರು ಬತ್ತಿಸಿದಂತಾಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಸಾವಿರ ಲೀಟರ್ ಗಿಡಗಳಿಗೆ ಬಿಟ್ಟು ಅಷ್ಟೇ ಹೊಸ ನೀರು ಸೇರಿಸುತ್ತೇನೆ. ಅದೂ ಬೆಳಿಗ್ಗೆ ಆರಕ್ಕೆ ಮುಂಚೆ. ಮಧ್ಯಾಹ್ನ ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುವಷ್ಟಿರುತ್ತದೆ. ಸ್ಕಿಮ್ಮರಿನ ನೀರನ್ನು ಜಲ್ಲಿ ತುಂಬಿದ ಒಂದು ಉದ್ದ ತೊಟ್ಟಿಯ ಮೂಲಕ ಹಾಯಿಸಿ ಅಲ್ಲಿ ಕಾಬಾಳೆ, ಕೆಸು, ಲಾವಂಚ ನೆಟ್ಟಿದ್ದೇನೆ. ಬ್ಯಾಕ್ಟೀರಿಯಾ ಅಮೋನಿಯಾ ಅರಗಿಸಿ ಉಳಿಸುವ ನೈಟ್ರೇಟ್ ತಿಂದು ಆಳೆತ್ತರ ಬೆಳೆದಿವೆ. ಅಂತರಗಂಗೆಯನ್ನು ಮಾತ್ರ ತರಬೇಡಿ, ಹಾಗೆಯೇ ಬೇಡವಾದ ಮೀನನ್ನು ಹಳ್ಳಕ್ಕೆ, ಕೆರೆಗೆ ಬಿಡಲೂ ಬೇಡಿ.

ಪಂಪಿನ ವಿಷಯದಲ್ಲಿ ಮೋಟಾರಿನವನ ಮಾತು ಕೇಳಿ

ಗಂಟೆಗೊಮ್ಮೆ ಇಡೀ ಕೊಳದ ನೀರು ಫಿಲ್ಟರ್ ಸುತ್ತಿ ಬರಬೇಕು. ತಂಪು ಊರಿನವರು ಎರಡು ಗಂಟೆಗೊಮ್ಮೆ ಸಾಕು ಎನ್ನುತ್ತಾರೆ, ನಮಗೆ ಆಗದು. ಹಾಗೆಂದು ಒಂದೇ ದೊಡ್ಡ ಪಂಪು ಬೇಡ. ಗಂಟೆಗೆ ಏಳು ಸಾವಿರ ಲೀಟರಿನ ಎರಡು ಇರಲಿ. ಒಂದು ಸುಟ್ಟರೆ ಇನ್ನೊಂದು ದಾಟಿಸುತ್ತದೆ. ಸುಡುವುದು ಯಾವಾಗಲೂ ಭಾನುವಾರವೇ.

ಡಬ್ಬಿಯ ಮೇಲೆ ಬರೆದ ಅಂಕಿ ನೀರನ್ನು ಒಂದಿಂಚೂ ಎತ್ತದೆ ಸುರಿದಾಗಿನದು. ಜರಡಿಯ ಎತ್ತರ ಐದು ಅಡಿ ಎಂದರೆ ಆ ಅಂಕಿಯಲ್ಲಿ ದೊಡ್ಡ ಪಾಲು ಹಾರಿಹೋಗುತ್ತದೆ. ಕೊಳ್ಳುವಾಗ ಎತ್ತರಕ್ಕೆ ಎಷ್ಟು ನೀರು ಎನ್ನುವ ಗೆರೆಚಿತ್ರ ಕೇಳಿ, ಕೂರಿಸಿದ ಮೇಲೆ ಬಕೆಟ್ ಹಿಡಿದು ಅಳೆಯಿರಿ: ಇಪ್ಪತ್ತು ಲೀಟರಿನ ಬಕೆಟ್ ಹತ್ತು ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 7,200 ಲೀಟರ್.

ನಾನು ಮೊದಲು ಹಾಕಿದ್ದು ಅಂಗಡಿಯಲ್ಲಿ ಬಿದ್ದಿದ್ದ ಅರ್ಧ ಎಚ್‌ಪಿ ಮೋನೋಬ್ಲಾಕ್. ಪುಕ್ಕಟೆ ಪಂಪು ಎಂದುಕೊಂಡಿದ್ದೆ. ಅದು ಎಳೆಯುವುದು ಸುಮಾರು 500 ವ್ಯಾಟ್. ಇಪ್ಪತ್ನಾಲ್ಕು ಗಂಟೆಗೆ ಹನ್ನೆರಡು ಯೂನಿಟ್. ಅದು ಮಾಳಿಗೆಗೆ ನೀರೇರಿಸಲು ಹುಟ್ಟಿದ ಪಂಪು, ಐದು ಅಡಿ ಎತ್ತಲು ಅಲ್ಲ. ಈಗಿನ ಎರಡೂ ಕೊಳದ ಪಂಪು ಸೇರಿ 120 ವ್ಯಾಟ್, ದಿನಕ್ಕೆ ಮೂರು ಯೂನಿಟಿಗೆ ಸ್ವಲ್ಪ ಕಡಿಮೆ. ಎಣ್ಣೆ ತುಂಬಿದ ಸಬ್‌ಮರ್ಸಿಬಲ್ ಕೊಳದ ಹತ್ತಿರವೂ ಬೇಡ. ಅದರ ಸೀಲ್ ಒಂದು ದಿನ ಸೋರಿಯೇ ಸೋರುತ್ತದೆ, ಅಂಥವನ್ನು ವಾರಕ್ಕೆ ನಾಲ್ಕು ಬಿಚ್ಚುತ್ತೇನೆ. ತಾಮ್ರದ ತಂತಿ, ತಾಮ್ರದ ಪೈಪು ನೀರಿಗೆ ತಾಗಬಾರದು, ಅದು ಮೀನಿಗೆ ವಿಷ. ಕೊಳಕ್ಕೆ ಹೋಗುವ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ನೀರಿಗೆ ಕೈ ಹಾಕಬೇಡಿ. ಮಕ್ಕಳಿರುವ ಮನೆಯಾದರೆ ಇದನ್ನು ನಾಳೆಗೂ ಬಿಡಬೇಡಿ.

ಈಗ ಆ ನಾಲ್ಕು ಗಂಟೆಯ ಮಾತು. ನಿಮಿಷಕ್ಕೆ 60 ಲೀಟರ್ ಗಾಳಿ ಕೊಡುವ ಪಂಪು ಸುಮಾರು 40 ವ್ಯಾಟ್ ತಿನ್ನುತ್ತದೆ. 150 ಆಂಪಿಯರ್-ಅವರಿನ 12 ವೋಲ್ಟ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿ, ಇನ್ವರ್ಟರಿನ ನಷ್ಟ ಕಳೆದರೂ 700 ವ್ಯಾಟ್-ಅವರ್ ಕೈಗೆ ಬರುತ್ತದೆ: ಗಾಳಿಪಂಪು ಒಂದೇ ಆದರೆ ಹದಿನೇಳು ಗಂಟೆ, ಜೊತೆಗೆ ಒಂದು ನೀರಿನ ಪಂಪೂ ಸೇರಿದರೆ ಏಳು ಗಂಟೆ. ಈ ಬ್ಯಾಟರಿ ಕೊಳದ್ದೇ ಆಗಿರಲಿ. ಮನೆಯ ಇನ್ವರ್ಟರಿಗೆ ಸೇರಿಸಿದರೆ ಫ್ಯಾನು, ಟಿವಿ ಸೇರಿ ಮಧ್ಯರಾತ್ರಿಗೇ ಅದನ್ನು ಮುಗಿಸುತ್ತವೆ. ಗಾಳಿಯ ಒಂದು ಕೊಳವೆ ಕೊಳದ ತಳಕ್ಕೆ, ಇನ್ನೊಂದು ಬಿಲ್ಲೆಗಳ ತೊಟ್ಟಿಗೆ, ಎರಡೂ ಉಸಿರಾಡಬೇಕು. ಗಾಳಿಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ಇಲ್ಲದಿದ್ದರೆ ಅದು ನಿಂತಾಗ ನೀರು ಹಿಂದಕ್ಕೆ ಹರಿದು ಪಂಪು ನನ್ನಂಥವನ ಅಂಗಡಿ ಸೇರುತ್ತದೆ.

ನೆರಳು, ಹಸಿರು ನೀರು

ಪಾಚಿ ಹಬ್ಬಿದ ಕೊಳದ ಪಿಎಚ್ ಮಧ್ಯಾಹ್ನ 9ರವರೆಗೂ ಏರುತ್ತದೆ. 30 ಡಿಗ್ರಿಯಲ್ಲಿ ಆಗ ಅಮೋನಿಯಾದ ಅರ್ಧಕ್ಕೆ ಸಮೀಪ ವಿಷ. ಮೊದಲ ಮದ್ದು ನೆರಳು. ಕೊಳದ ಮುಕ್ಕಾಲು ಭಾಗಕ್ಕೆ ಹಸಿರು ನೆರಳುಪರದೆ, ಮಿಕ್ಕ ಕಡೆ ತೊಂಡೆಯ ಚಪ್ಪರ. ಚಪ್ಪರಕ್ಕೆ ಕೀಟನಾಶಕ ಹೊಡೆಯುವಂತಿಲ್ಲ, ಹುಳು ತಿಂದದ್ದು ಹೋಗಲಿ. ಫಿಲ್ಟರ್ ತೊಟ್ಟಿಗಳಿಗೂ ನೆರಳು ಬೇಕು, ಪೈಪುಗಳು ನೆಲದಡಿ ಹೋಗಲಿ. ಗೋಡೆಯ ಮೇಲೆ ಬಿಸಿಲಿಗೆ ಮೈಯೊಡ್ಡಿದ ಪೈಪು ಸೋಲಾರ್ ಹೀಟರಾಗುತ್ತದೆ.

ಎರಡನೆಯದು ಯುವಿ, ಅಂದರೆ ಅತಿನೇರಳೆ ಕಿರಣದ ದೀಪ. ನನ್ನದು 55 ವ್ಯಾಟ್. ಪಾಚಿಯನ್ನು ಕೊಂದು ಗಂಟುಗಟ್ಟಿಸುತ್ತದೆ, ಹಿಡಿಯುವ ಕೆಲಸ ಬ್ರಷ್ಷಿನದು. ದೀಪ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು, ಕಣ್ಣಿಗೆ ಕಾಣುವ ನೀಲಿ ಬೆಳಕು ಮೋಸ. ನಮ್ಮ ಗಡಸು ನೀರಿನಲ್ಲಿ ದೀಪದ ಸುತ್ತಲಿನ ಸ್ಫಟಿಕದ ಕೊಳವೆಗೆ ಆರು ವಾರಕ್ಕೆ ಬಿಳಿ ಪದರ ಕಟ್ಟಿ ಬೆಳಕು ಹೊರಗೆ ಬರುವುದೇ ಇಲ್ಲ. ನಾನು ಕರೆಂಟ್ ತೆಗೆದು, ಕೊಳವೆ ಬಿಚ್ಚಿ, ಹುಣಸೆಹಣ್ಣಿನ ಗಟ್ಟಿ ರಸದಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡುತ್ತೇನೆ. ತೆಗೆದು ಬೆರಳಿನಿಂದ ಉಜ್ಜಿದರೆ ಪದರ ಹೊಟ್ಟಿನಂತೆ ಏಳುತ್ತದೆ, ಕೆಳಗಿನ ಗಾಜು ಹಿತ್ತಾಳೆಯ ತಂಬಿಗೆ ತೊಳೆದಂತೆ ಹೊಳೆಯುತ್ತದೆ.

ಯಾವಾಗ ಶುರು

ದೀಪಾವಳಿಯ ನಂತರ. ಫಿಲ್ಟರ್ ಕಟ್ಟಿದ ದಿನವೇ ಫಿಲ್ಟರ್ ಆಗುವುದಿಲ್ಲ, ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನವೆಂಬರಿನಲ್ಲಿ ಎರಡು ಮೂರು ಸಣ್ಣ ಮೀನು ಬಿಟ್ಟು ಶುರು ಮಾಡಿದರೆ ಮಾರ್ಚಿಯ ಬಿಸಿಲಿಗೆ ಫಿಲ್ಟರ್ ಪಳಗಿರುತ್ತದೆ. ಏಪ್ರಿಲ್‌ನಲ್ಲಿ ಉತ್ಸಾಹ ಬಂದರೆ ಗುಂಡಿ ತೋಡಿಸಿ, ಮೀನು ತರಬೇಡಿ. ಆ ಮೊದಲ ವಾರಗಳಲ್ಲಿ ಅಮೋನಿಯಾದ ಹಿಂದೆಯೇ ಅದು ಅರ್ಧ ಅರಗಿದಾಗ ಆಗುವ ನೈಟ್ರೈಟ್ ಏರುತ್ತದೆ, ಅದು ಮೀನಿನ ರಕ್ತಕ್ಕೆ ಆಮ್ಲಜನಕ ಹೊರಲು ಬಿಡುವುದಿಲ್ಲ. ಸಾವಿರ ಲೀಟರಿಗೆ ಒಂದು ಕೆಜಿ ಕಲ್ಲುಪ್ಪು ಕರಗಿಸಿ ಹಾಕಿದರೆ ತಡೆಯುತ್ತದೆ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಒಮ್ಮೆ ಹಾಕಿದ್ದನ್ನು ಲೆಕ್ಕದಲ್ಲಿಡಿ. ಬಿಲ್ಲೆಗಳನ್ನಾಗಲಿ ಬ್ರಷ್ಷನ್ನಾಗಲಿ ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕೊಳದ ನೀರಿನಲ್ಲೇ ಅದ್ದಿ ಕೊಡವಿದರೆ ಸಾಕು. ಬೇಸಿಗೆಯಲ್ಲಿ ಆಹಾರ ಬೆಳಿಗ್ಗೆ ಏಳು ಎಂಟರ ನಡುವೆ ಒಮ್ಮೆ ಮಾತ್ರ. ನೀರು 32 ದಾಟಿದ ದಿನ ಅದೂ ಇಲ್ಲ. ಸಂಜೆ ತಿಂದದ್ದನ್ನು ರಾತ್ರಿ ಅರಗಿಸಲು ಉಸಿರು ಬೇಕಲ್ಲ.

ಮೇ ತಿಂಗಳಿನಲ್ಲಿ ಮದುವೆ, ಜಾತ್ರೆ ಎಂದು ಊರು ಬಿಡುವುದು ತಪ್ಪುವುದಿಲ್ಲ. ಆಗ ಪಕ್ಕದ ಮನೆಯ ಹುಡುಗನ ಕೈಗೆ ಹಿತ್ತಲಿನ ಬಾಗಿಲ ಕೀ ಕೊಡುತ್ತೇನೆ. ಬ್ಯಾಟರಿಯ ಮೇಲಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ: "ಮೀನಿಗೆ ಏನೂ ಹಾಕಬೇಡ. ಬೆಳಿಗ್ಗೆ, ರಾತ್ರಿ ಗುಳ್ಳೆ ಬರುತ್ತಿದೆಯೇ ನೋಡು. ಬರದಿದ್ದರೆ ಕೆಂಪು ಸ್ವಿಚ್ ಒತ್ತು, ನನಗೆ ಫೋನ್ ಮಾಡು, ಆಮೇಲೆ ಬಕೆಟ್ ತೆಗೆದುಕೊ."